‘ನಂಗೇನೂ ಆಗಿಲ್ಲ’ ಎನ್ನುವವರ ಬಿಪಿ: ಬೆಲ್‌ರೋಸ್ ಬಸ್ಸಿನ ಕಪ್ಪು ಮಹಿಳೆಯರ ಲೆಕ್ಕ, ನಮ್ಮ ಲೆಕ್ಕ

ಬೆಲ್‌ರೋಸ್ (ನ್ಯೂಯಾರ್ಕ್): ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗ ಪೂರ್ವಕ್ಕೆ ಮುಗಿಯುವಲ್ಲಿ ಬೆಲ್‌ರೋಸ್ ಇದೆ. ಅಲ್ಲಿಂದಾಚೆ ನಸ್ಸಾವ್ ಕೌಂಟಿ. ಹಿಲ್‌ಸೈಡ್ ಅವೆನ್ಯೂ ಉದ್ದಕ್ಕೂ ಕರಿಬೇವು, ಬಾಳೆಕಾಯಿ, ಕುಚ್ಚಲಕ್ಕಿ ಎಲ್ಲ ಸಿಗುವ ಇಂಡಿಯನ್ ಅಂಗಡಿಗಳು. ಮಲಯಾಳಿ ನರ್ಸ್‌ಗಳ ಕುಟುಂಬಗಳು ಇಲ್ಲಿ ದಶಕಗಳಿಂದ ಇವೆ. ಗಲ್ಫ್ ಆಸ್ಪತ್ರೆಗಳಲ್ಲಿ ಕೆಲವು ವರ್ಷ ದುಡಿದು ಆಮೇಲೆ ಅಮೆರಿಕದ ವಿಮಾನ ಹತ್ತಿದವರೂ ಅವರಲ್ಲಿದ್ದಾರೆ. ಕನ್ನಡದ ಮನೆಗಳು ಕಡಿಮೆ, ಆದರೆ ಇಲ್ಲ ಅಂತ ಹೇಳುವ ಹಾಗಿಲ್ಲ. ಫ್ಲಶಿಂಗ್‌ನ ಬೌನ್ ಸ್ಟ್ರೀಟಿನಲ್ಲಿರುವ ಗಣಪತಿ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆಗೆ ಸಾಲು ನಿಂತರೆ ಕನ್ನಡ ಕಿವಿಗೆ ಬೀಳುತ್ತದೆ.

ಬೆಲ್‌ರೋಸ್‌ನಿಂದ ಸ್ವಲ್ಪ ದಕ್ಷಿಣಕ್ಕೆ ಬಂದರೆ ಕ್ವೀನ್ಸ್ ವಿಲೇಜ್, ಕ್ಯಾಂಬ್ರಿಯಾ ಹೈಟ್ಸ್, ಸೇಂಟ್ ಆಲ್ಬನ್ಸ್. ಇಲ್ಲಿ ಹೆಚ್ಚಿನವರು ಕಪ್ಪು ಜನ. ಹಳೆಯ ಅಮೆರಿಕನ್ ಕುಟುಂಬಗಳ ಜೊತೆಗೆ ಜಮೈಕಾ, ಹೈಟಿ, ಗಯಾನಾದಿಂದ ಬಂದು ದುಡಿಯುವವರು. ಜಮೈಕಾ ಸ್ಟೇಷನ್ ಕಡೆಯಿಂದ ಹಿಲ್‌ಸೈಡ್ ಅವೆನ್ಯೂದಲ್ಲಿ ಓಡುವ ಕ್ಯೂ43 ಬಸ್ಸು ಹತ್ತಿದರೆ ಇವರೂ ನಮ್ಮವರೂ ಪಕ್ಕಪಕ್ಕದ ಸೀಟಿನಲ್ಲೇ ಕೂರೋದು. ಒಬ್ಬರು ಆಸ್ಪತ್ರೆಗೆ, ಇನ್ನೊಬ್ಬರು ಯಾರದೋ ಮನೆಯ ವೃದ್ಧರನ್ನು ನೋಡಿಕೊಳ್ಳೋಕೆ. ಊರಲ್ಲಿ ಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟು, ತಿಂಗಳು ತಿಂಗಳು ದುಡ್ಡು ಕಳಿಸುವ ಹೆಂಗಸು ಅಂದರೆ ಗಲ್ಫ್‌ನ ಓದುಗರಿಗೆ ಬೇರೆ ವಿವರಣೆ ಬೇಕಾಗಿಲ್ಲ. ಈ ಮಹಿಳೆಯರ ಬಿಪಿ ಬಗ್ಗೆ ಅಮೆರಿಕದಲ್ಲಿ ನಲವತ್ತು ವರ್ಷದಿಂದ ನಡೆದಿರುವ ಅಧ್ಯಯನ ನಮ್ಮವರಿಗೂ ಉಪಯೋಗಕ್ಕೆ ಬರುತ್ತದೆ.

ಮೊದಲು ಅಂಕಿ. 130/80ರ ಮೇಲೆ ಹೋದರೆ ಬಿಪಿ ಅಂತ ಅಮೆರಿಕದ ವೈದ್ಯರು 2017ರಿಂದ ಲೆಕ್ಕ ಹಾಕುತ್ತಾರೆ. (ಇಂಡಿಯಾದಲ್ಲಿ ಈಗಲೂ ಹೆಚ್ಚಾಗಿ 140/90.) ಆ ಲೆಕ್ಕದಲ್ಲಿ ಅಲ್ಲಿನ ವಯಸ್ಕ ಕಪ್ಪು ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಿಪಿ ಇದೆ. ಬಿಳಿ ಮಹಿಳೆಯರಿಗಿಂತ ಎಷ್ಟೋ ಮೊದಲೇ, ಚಿಕ್ಕ ಪ್ರಾಯದಲ್ಲೇ ಶುರುವಾಗುತ್ತದೆ.

ಅದು ಅವರ ರಕ್ತದಲ್ಲೇ ಇರೋದು ಅಂತ ಹೇಳಿ ಕೈ ತೊಳೆದುಕೊಳ್ಳುವವರು ಬಹಳ. ಆರ್ಲೀನ್ ಜೆರೊನಿಮಸ್ ಎಂಬ ಸಂಶೋಧಕಿ 1992ರಲ್ಲಿ ಬೇರೆ ಮಾತು ಹೇಳಿದರು. ಬಿಸಿಲು, ಮಳೆ, ಉಪ್ಪುಗಾಳಿಗೆ ಸಿಕ್ಕಿದ ಮನೆಯ ಗೋಡೆ ಬೇಗ ಸವೆಯುವ ಹಾಗೆ, ದಿನಾ ಅವಮಾನ, ದುಡ್ಡಿನ ಚಿಂತೆ, ಕೆಲಸದ ಭಯ ಸಹಿಸಿದ ದೇಹ ಪ್ರಾಯಕ್ಕೆ ಮೊದಲೇ ಸವೆಯುತ್ತದೆ ಅನ್ನೋದು ಅವರ ವಾದ. ಕಡಲ ತೀರದಲ್ಲಿ ಮನೆ ಕಟ್ಟಿದವರಿಗೆ ಕಿಟಕಿಯ ಕಬ್ಬಿಣ ನೋಡಿದರೇ ಇದು ಅರ್ಥವಾಗುತ್ತದೆ.

ಓದು, ಸಂಬಳ, ಹೆಸರು ಇದ್ದರೂ ಪೂರ್ತಿ ರಕ್ಷಣೆ ಸಿಗುವುದಿಲ್ಲ. 2016ರ ರಿಯೊ ಒಲಿಂಪಿಕ್ಸ್ ರಿಲೇಯಲ್ಲಿ ಚಿನ್ನ ಗೆದ್ದ ತಂಡದ ಅಲಿಸನ್ ಫೆಲಿಕ್ಸ್‌ಗೆ 2018ರಲ್ಲಿ ಗರ್ಭಿಣಿಯಾಗಿದ್ದಾಗ ಬಿಪಿ ವಿಪರೀತ ಏರಿ 32ನೇ ವಾರಕ್ಕೇ ಆಪರೇಷನ್ ಮಾಡಿ ಮಗು ತೆಗೆಯಬೇಕಾಯಿತು. ಅದೇ ತಂಡದ ಟೋರಿ ಬೋವಿ 2023ರಲ್ಲಿ ತುಂಬು ಗರ್ಭಿಣಿಯಾಗಿದ್ದಾಗ ಮನೆಯಲ್ಲೇ ತೀರಿಕೊಂಡರು. ಪ್ರಾಯ 32. ಗರ್ಭಿಣಿಯರಲ್ಲಿ ಬಿಪಿ ಏರಿ ಫಿಟ್ಸ್ ಬರುವ ಎಕ್ಲಾಂಪ್ಸಿಯಾ ಕಾರಣವಾಗಿರಬಹುದು ಅಂತ ಮರಣೋತ್ತರ ವರದಿ ಹೇಳಿತು. ಇವರಿಗಿಂತ ಗಟ್ಟಿ ದೇಹ ಯಾರದ್ದಿರುತ್ತದೆ?

ಸಾಲ ಬೇಗ ತೀರಿಸಿದವನ ಕಥೆ

ಗಲ್ಫ್‌ನಲ್ಲಿ ಕೆಲಸ ಮಾಡುವವರು ಖಂಡಿತ ಕೇಳಬೇಕಾದ ಒಂದು ಕಥೆ ಇದೆ. ಅದು ಗಂಡಸಿನ ಕಥೆ, ಆದರೆ ಹೆಂಗಸರ ಅಧ್ಯಯನಕ್ಕೂ ದಾರಿ ಮಾಡಿದ್ದು ಅದೇ. ನಾರ್ತ್ ಕೆರೊಲಿನಾದಲ್ಲಿ ಜಾನ್ ಹೆನ್ರಿ ಮಾರ್ಟಿನ್ ಅಂತ ಒಬ್ಬ ಕಪ್ಪು ರೈತ ಇದ್ದ. ಶಾಲೆ ಕಲಿತದ್ದು ಅಷ್ಟಕ್ಕಷ್ಟೆ. ಬೇರೆಯವರ ಜಮೀನಿನಲ್ಲಿ ಪಾಲಿಗೆ ದುಡಿಯುವ ಕುಟುಂಬ. ಅದರಿಂದ ಹೊರಬರಬೇಕು ಅಂತ ಹಠ ಹಿಡಿದು 75 ಎಕರೆ ಭೂಮಿ ಸಾಲದಲ್ಲಿ ತೆಗೆದುಕೊಂಡ. ಸಾಲ ತೀರಿಸಲು 40 ವರ್ಷ ಅವಧಿ ಇತ್ತು. ಹಗಲು ರಾತ್ರಿ ದುಡಿದು ಐದೇ ವರ್ಷದಲ್ಲಿ ತೀರಿಸಿಬಿಟ್ಟ.

ಬ್ಯಾಂಕಿನ ಪುಸ್ತಕದಲ್ಲಿ ಇದಕ್ಕಿಂತ ಚಂದದ ಖಾತೆ ಇರಲಿಕ್ಕಿಲ್ಲ. ಆದರೆ ಅರವತ್ತು ತುಂಬುವ ಮೊದಲೇ ಅವನಿಗೆ ಜೋರು ಬಿಪಿ, ಸಂಧಿವಾತ, ಹೊಟ್ಟೆಯ ಹುಣ್ಣು. ಹುಣ್ಣು ಎಷ್ಟು ಕೆಟ್ಟಿತ್ತೆಂದರೆ ಜಠರದ ನೂರರಲ್ಲಿ ನಲವತ್ತು ಭಾಗ ಕತ್ತರಿಸಿ ತೆಗೆಯಬೇಕಾಯಿತು. ಅವನನ್ನು ಭೇಟಿಯಾದ ಶೆರ್ಮನ್ ಜೇಮ್ಸ್ ಎಂಬ ಸಂಶೋಧಕ, ಕೈಯಲ್ಲಿ ಅನುಕೂಲ ಕಡಿಮೆ ಇದ್ದೂ ಒಬ್ಬನೇ ಮೈಮುರಿದು ಎಲ್ಲವನ್ನೂ ಗೆಲ್ಲುತ್ತೇನೆ ಎನ್ನುವ ಈ ಸ್ವಭಾವಕ್ಕೆ 1983ರಲ್ಲಿ ‘ಜಾನ್ ಹೆನ್ರಿಯಿಸಂ’ ಅಂತಲೇ ಹೆಸರಿಟ್ಟರು. ಮುಂದಿನ ಅಧ್ಯಯನಗಳೆಲ್ಲ ಒಂದೇ ಉತ್ತರ ಕೊಟ್ಟಿಲ್ಲ ಎನ್ನುವುದನ್ನೂ ಹೇಳಬೇಕು. ಆದರೂ ವೀಸಾ ಸಾಲ, ಮನೆ ಸಾಲ, ತಂಗಿಯ ಮದುವೆ ಸಾಲ ಮೂರನ್ನೂ ಓವರ್‌ಟೈಮ್‌ನಲ್ಲಿ ತೀರಿಸುತ್ತಿರುವವರು ಒಮ್ಮೆ ಕನ್ನಡಿ ನೋಡಿಕೊಳ್ಳಬಹುದು. ಅವಧಿಗೆ ಮುಂಚೆ ಸಾಲ ಕಟ್ಟಿದರೆ ಬ್ಯಾಂಕು ಹಾಕುವ ದಂಡ ರಸೀದಿಯಲ್ಲಿ ಕಾಣುತ್ತದೆ. ದೇಹ ಹಾಕುವ ದಂಡ ಕಾಣೋದು ಇಪ್ಪತ್ತು ವರ್ಷ ಕಳೆದ ಮೇಲೆ.

ಹೆಂಗಸರ ವಿಷಯಕ್ಕೆ ಬಂದರೆ, ಶೆರಿಲ್ ವುಡ್ಸ್-ಜಿಸ್ಕೊಂಬೆ ಎಂಬ ನರ್ಸಿಂಗ್ ಪ್ರಾಧ್ಯಾಪಕಿ 2010ರಲ್ಲಿ ಕಪ್ಪು ಮಹಿಳೆಯರನ್ನೇ ಕೂರಿಸಿ ಮಾತಾಡಿಸಿ ಒಂದು ಚಿತ್ರ ಕೊಟ್ಟರು. ಯಾವಾಗಲೂ ಗಟ್ಟಿಯಾಗಿ ಕಾಣಬೇಕು, ಅಳು-ಸಿಟ್ಟು ನುಂಗಬೇಕು, ಯಾರ ಆಸರೆಯೂ ಬೇಡ, ಇಲ್ಲದ ಸೌಕರ್ಯದಲ್ಲೇ ಗೆಲ್ಲಬೇಕು, ಮೊದಲು ಬೇರೆಯವರು ಆಮೇಲೆ ನಾನು. ಈ ಐದೂ ಅವರ ಬದುಕಿನ ಬಲವೂ ಹೌದು, ಆರೋಗ್ಯದ ಶತ್ರುವೂ ಹೌದು ಅಂತ ಅವರು ಬರೆದರು. ಓದಿದರೆ ಉಡುಪಿಯ, ಕಲಬುರಗಿಯ ಯಾವ ಅಮ್ಮನ ನೆನಪೂ ಬರಬಹುದು. ನಮ್ಮಲ್ಲಿ ಇಂಥವಳನ್ನು ‘ತಾಳ್ಮೆಯ ಹೆಂಗಸು’ ಅಂತ ಹೊಗಳುತ್ತೇವೆ. ಹೊಗಳಿದವರು ಯಾರೂ ಅವಳ ಬಿಪಿ ನೋಡಿರುವುದಿಲ್ಲ.

ಸುಸ್ತಾಗಿದೆ ಎಂದು ಬಾಯಿಬಿಟ್ಟು ಹೇಳಿದವರೂ ಇದ್ದಾರೆ. ಮಿಸಿಸಿಪ್ಪಿಯ ಹತ್ತಿ ಹೊಲದಿಂದ ಬಂದ ಹೋರಾಟಗಾರ್ತಿ ಫ್ಯಾನಿ ಲೂ ಹೇಮರ್ 1964ರ ಡಿಸೆಂಬರ್‌ನಲ್ಲಿ ಇದೇ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಮಾತಾಡುತ್ತಾ, ಬೇಸತ್ತು ಬದುಕುವುದೇ ತನಗೆ ಬೇಸತ್ತುಹೋಗಿದೆ ಎಂಬರ್ಥದ ಮಾತು ಹೇಳಿದರು. ಆ ಮಾತು ಈಗ ಅವರ ಸಮಾಧಿಯ ಕಲ್ಲಿನ ಮೇಲಿದೆ. 1977ರಲ್ಲಿ 59ನೇ ವಯಸ್ಸಿಗೆ ತೀರಿಕೊಂಡಾಗ ಅವರಿಗೆ ಸ್ತನ ಕ್ಯಾನ್ಸರ್ ಜೊತೆಗೆ ಬಿಪಿಯೂ ಇತ್ತು.

24 ಗಂಟೆ ಕೆಲಸ, 13 ಗಂಟೆ ಸಂಬಳ

ಮನಸ್ಸು ಶಾಂತವಾಗಿಟ್ಟುಕೊಳ್ಳಿ ಅಂತ ಹೇಳುವ ಮೊದಲು ಇದನ್ನೂ ನೋಡಬೇಕು. ನ್ಯೂಯಾರ್ಕ್‌ನಲ್ಲಿ ವೃದ್ಧರ ಮನೆಯಲ್ಲೇ ಉಳಿದು 24 ಗಂಟೆ ಪಾಳಿ ಮಾಡುವ ಹೋಮ್ ಹೆಲ್ತ್ ಏಡ್‌ಗಳಿದ್ದಾರೆ. ಬಹುಪಾಲು ವಲಸೆ ಬಂದ, ಕಪ್ಪು ಇಲ್ಲವೇ ಬೇರೆ ಬಣ್ಣದ ಮಹಿಳೆಯರು. ಸರ್ಕಾರದ ನಿಯಮದಂತೆ ನಿದ್ದೆಗೆ 8 ಗಂಟೆ, ಊಟಕ್ಕೆ 3 ಗಂಟೆ ಕಳೆದು 13 ಗಂಟೆಗೆ ಮಾತ್ರ ಸಂಬಳ. ಆ 8ರಲ್ಲಿ 5 ಗಂಟೆ ಎಡೆಬಿಡದ ನಿದ್ದೆ ಸಿಗಬೇಕು ಅಂತಲೂ ಇದೆ. ಮಧ್ಯರಾತ್ರಿ ಅಜ್ಜಿ ಮೂರು ಸಲ ಎದ್ದರೆ ಆ ಐದು ಗಂಟೆ ಎಲ್ಲಿಂದ ಬರಬೇಕು? ಈ 13 ಗಂಟೆಯ ಲೆಕ್ಕವನ್ನು ಕೆಲಸಗಾರ್ತಿಯರು ಕೋರ್ಟಿಗೆ ಒಯ್ದರು. 2019ರ ಮಾರ್ಚ್‌ನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ನಿಯಮವನ್ನೇ ಎತ್ತಿಹಿಡಿಯಿತು.

ನಿದ್ದೆಗೂ ಬಿಪಿಗೂ ನೇರ ಸಂಬಂಧ ಇದೆ. ಆರೋಗ್ಯವಂತರಲ್ಲಿ ರಾತ್ರಿ ಮಲಗಿದಾಗ ಬಿಪಿ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಇಳಿಯುತ್ತದೆ. ರಕ್ತನಾಳಗಳಿಗೆ ಸಿಗುವ ರಜೆ ಅದೇ. ಭಯ, ಸಿಟ್ಟು ಬಂದಾಗ ಅಡ್ರಿನಲಿನ್ ಸುರಿದು ಹೃದಯ ಜೋರಾಗಿ ಬಡಿಯುತ್ತದೆ, ನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ. ಸ್ವಲ್ಪ ಹೊತ್ತಿಗೆ ಇಳಿಯಲೂ ಇಳಿಯುತ್ತದೆ. ಒಂದು ಜಗಳದಿಂದ ಯಾರಿಗೂ ಬಿಪಿ ಕಾಯಿಲೆ ಬರುವುದಿಲ್ಲ. ಇಳಿಯಲು ಬಿಡುವೇ ಸಿಗದಿದ್ದಾಗ, ಮೂತ್ರಪಿಂಡ ಉಪ್ಪು-ನೀರು ಹಿಡಿದಿಟ್ಟುಕೊಳ್ಳಲು ಕಲಿತಾಗ, ನಿದ್ದೆ ಹೋಗಿ ಆ ಬೇಸರಕ್ಕೆ ಸಿಗರೇಟು, ಚಿಪ್ಸು, ಕುಡಿತ ಸೇರಿದಾಗ ಕಾಯಿಲೆ ನೆಲೆ ಊರುತ್ತದೆ. ಮನಸ್ಸಿನ ಭಾರ ಇನ್ನೊಂದು ಕಡೆಯಿಂದಲೂ ಹೊಡೆಯುತ್ತದೆ: ‘ನನಗೇನೂ ಆಗಿಲ್ಲ’ ಎನ್ನುವವರು ಮಾತ್ರೆ ಬಿಡುತ್ತಾರೆ.

ಹಾಗಾದರೆ ಕೆಲಸ ಮಾಡಿದ್ದು ಯಾವುದು? ಲಾಸ್ ಏಂಜಲೀಸ್‌ನಲ್ಲಿ 52 ಕ್ಷೌರದಂಗಡಿಗಳಲ್ಲಿ 319 ಕಪ್ಪು ಗಂಡಸರ ಮೇಲೆ ಮಾಡಿದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಅರ್ಧ ಅಂಗಡಿಗಳಲ್ಲಿ ಕ್ಷೌರಿಕರು ‘ಡಾಕ್ಟರ ಹತ್ತಿರ ಹೋಗಿ, ಉಪ್ಪು ಕಡಿಮೆ ಮಾಡಿ’ ಅಂತ ಹೇಳಿದರು. ಉಳಿದ ಅಂಗಡಿಗಳಿಗೆ ಫಾರ್ಮಸಿಸ್ಟ್ ತಾನೇ ಬಂದು ಬಿಪಿ ನೋಡಿ ಮಾತ್ರೆ ಕೊಟ್ಟ. ಆರು ತಿಂಗಳಲ್ಲಿ ಮೇಲಿನ ಅಂಕಿ ಮೊದಲ ಗುಂಪಿನಲ್ಲಿ ಸರಾಸರಿ 9 ಇಳಿಯಿತು, ಎರಡನೆಯದರಲ್ಲಿ 27. ಬರೀ ಬುದ್ಧಿಮಾತಿಗೂ, ನಂಬಿಕೆಯ ಜಾಗದಲ್ಲಿ ಸಿಗುವ ಮಾತ್ರೆಗೂ ಇರುವ ವ್ಯತ್ಯಾಸ ಅಷ್ಟು. ಹೆಂಗಸರಿಗೆ ಆ ಜಾಗ ಚರ್ಚು, ಬ್ಯೂಟಿ ಪಾರ್ಲರು, ಇಲ್ಲವೇ ಜೊತೆಯಲ್ಲಿ ನಡೆಯುವ ಗೆಳತಿಯರು. ‘ಗರ್ಲ್‌ಟ್ರೆಕ್’ ಎಂಬ ಕಪ್ಪು ಮಹಿಳೆಯರ ಸಂಘಟನೆ ಕೇಳೋದು ದಿನಕ್ಕೆ 30 ನಿಮಿಷ ನಡಿಗೆ, ಅಷ್ಟೆ. ನಡೆಯುವಾಗ ಬಾಯಿಗೆ ಬರುವ ಮಾತು ಮನೆಯಲ್ಲಿ ಬರುವುದಿಲ್ಲ. ಲೇಬರ್ ಕ್ಯಾಂಪಿನಲ್ಲಿರುವವರಿಗೂ ಸಂಜೆ ಬಿಸಿಲು ಇಳಿದ ಮೇಲೆ ಒಬ್ಬ ಜೊತೆಗಾರನ ಸಂಗಡ ಇದು ಸಾಧ್ಯ.

ಧ್ಯಾನ, ನಿಧಾನ ಉಸಿರಾಟ, ಪ್ರಾರ್ಥನೆ, ನಮಾಜು ಮನಸ್ಸಿಗೆ ಒಳ್ಳೆಯದು. ಧ್ಯಾನ-ಉಸಿರಾಟದಿಂದ ಬಿಪಿ ಕೆಲವು ಪಾಯಿಂಟು ಇಳಿಯಬಹುದು. ಆದರೆ 160 ಇದ್ದವರು ಅದನ್ನೇ ನಂಬಿ ಮಾತ್ರೆ ಬಿಟ್ಟರೆ ಅದು ಅಪಾಯ. ಅಮ್ಲೋಡಿಪಿನ್ ತಗೊಂಡಾಗ ಕೆಲವರಿಗೆ ಕಾಲು ಊದುತ್ತದೆ ಅಂತ ನಿಲ್ಲಿಸಿಬಿಡುತ್ತಾರೆ. ಡಾಕ್ಟರಿಗೆ ಹೇಳಿದರೆ ಬದಲಿ ಮಾತ್ರೆ ಇದೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತಗೊಳ್ಳುವವರು ಗಲ್ಫ್ ಬೇಸಿಗೆಯಲ್ಲಿ ಹೊರಗೆ ಕೆಲಸ ಮಾಡುವುದಾದರೆ ಅದನ್ನು ಡಾಕ್ಟರಿಗೆ ತಪ್ಪದೆ ತಿಳಿಸಬೇಕು. ಮೈಕೈ ನೋವಿಗೆ ದಿನಾ ನುಂಗುವ ಬ್ರುಫೆನ್, ವೊವೆರಾನ್ ಜಾತಿಯ ಗುಳಿಗೆ ಬಿಪಿ ಏರಿಸುತ್ತದೆ. ಇದು ಬಹಳ ಜನರಿಗೆ ಗೊತ್ತೇ ಇಲ್ಲ.

ಉಪ್ಪಿನ ವಿಷಯದಲ್ಲಿ ಜಮೈಕಾದವರೂ ಕರಾವಳಿಯವರೂ ಅಣ್ಣತಮ್ಮಂದಿರು. ಅವರ ಬೆಳಗಿನ ತಿಂಡಿಗೆ ಉಪ್ಪು ಹಾಕಿ ಒಣಗಿಸಿದ ಮೀನು, ನಮ್ಮ ಗಂಜಿಗೆ ಒಣಮೀನು, ಉಪ್ಪಿನಕಾಯಿ. ದಿನಕ್ಕೆ ಒಬ್ಬರಿಗೆ ಒಂದು ಟೀ ಚಮಚ, ಅಂದರೆ 5 ಗ್ರಾಂ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರೂಮಿನಲ್ಲಿ ರಾತ್ರಿ ಬೇಯಿಸುವ ಇನ್‌ಸ್ಟಂಟ್ ನೂಡಲ್ಸ್‌ನ ಮಸಾಲೆ ಪೊಟ್ಟಣ ಅರ್ಧ ಮಾತ್ರ ಹಾಕಿದರೂ ಲಾಭ.

ಬಿಪಿ ನೋಡುವಾಗಲೂ ಕ್ರಮ ಇದೆ. ಅರ್ಧ ಗಂಟೆ ಮೊದಲು ಚಹಾ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಕಾಲು ನೆಲಕ್ಕಿಟ್ಟು ಐದು ನಿಮಿಷ ಸುಮ್ಮನೆ ಕೂರಬೇಕು. ಕೈ ಹೃದಯದ ಮಟ್ಟದಲ್ಲಿ ಮೇಜಿನ ಮೇಲಿರಲಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತದೆ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ ಎರಡನ್ನೂ ತಾರೀಖಿನ ಜೊತೆ ಬರೆದಿಡಿ. ಡಾಕ್ಟರಿಗೆ ಬೇಕಾಗೋದು ಆ ಪುಟ.

ಶುಕ್ರವಾರದ ಫೋನಿನಲ್ಲಿ ‘ಎಲ್ಲ ಆರಾಮ’ ಅಂತ ಎರಡೂ ಕಡೆಯವರು ಸುಳ್ಳು ಹೇಳುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಗಂಡ ಸಂಬಳ ತಡವಾದದ್ದು ಹೇಳುವುದಿಲ್ಲ, ಹೆಂಡತಿ ಅತ್ತೆಯ ಆಸ್ಪತ್ರೆ ಖರ್ಚು ಹೇಳುವುದಿಲ್ಲ. ‘ಆರಾಮಾ?’ ಅಂತ ಕೇಳುವ ಬದಲು ‘ಈ ವಾರ ಬಿಪಿ ಎಷ್ಟಿತ್ತು, ಮಾತ್ರೆ ಇನ್ನೆಷ್ಟು ಉಳಿದಿದೆ, ರಾತ್ರಿ ಎಷ್ಟು ಗಂಟೆ ನಿದ್ದೆ ಬಂತು’ ಅಂತ ಕೇಳಿ ನೋಡಿ. ಅಂಕಿಯಲ್ಲಿ ಸುಳ್ಳು ಹೇಳುವುದು ಸ್ವಲ್ಪ ಕಷ್ಟ. ಮಾತಾಡುತ್ತಾ ಉಳಿದದ್ದೂ ಹೊರಗೆ ಬರುತ್ತದೆ. ಊರಿನಲ್ಲಿರುವವರಿಗೆ ಮನಸ್ಸು ಭಾರವಾಗಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್, 14416ಕ್ಕೆ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಬಿಪಿ 180/120 ದಾಟಿ ಎದೆನೋವು, ಉಸಿರುಕಟ್ಟುವುದು, ಮುಖ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು ಕಂಡರೆ ಮಲಗಿಸಿ ಕಾಯಬೇಡಿ. ಆಂಬುಲೆನ್ಸ್‌ಗೆ ಯುಎಇಯಲ್ಲಿ 998, ಸೌದಿಯಲ್ಲಿ 997, ಕುವೈತ್‌ನಲ್ಲಿ 112, ಕತಾರ್ ಮತ್ತು ಬಹರೈನ್‌ನಲ್ಲಿ 999, ಒಮಾನ್‌ನಲ್ಲಿ 9999. ಲಕ್ಷಣ ಶುರುವಾದ ಹೊತ್ತು ಎಷ್ಟು ಅಂತ ರೂಮಿನವರು ಗಡಿಯಾರ ನೋಡಿ ನೆನಪಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.