ಕಡಿಮೆ ಖರ್ಚಿನಲ್ಲಿ ಎಳ್ಳು ಬೀರುವುದು ಹೇಗೆ?

 

ಇನ್ನೇನು ಸಂಕ್ರಾಂತಿ ಬಂತು. ಜನವರಿ 14ಕ್ಕೋ 15ಕ್ಕೋ ಬರುವ ಸುಗ್ಗಿ ಹಬ್ಬ ಇದು. ಹುಡುಗರಿಗೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುವ ಸಡಗರ. ಹುಡುಗಿಯರಿಗೆ ತಟ್ಟೆ ಹಿಡಿದು ಮನೆ ಮನೆಗೂ ಎಳ್ಳು ಬೀರುವ ಸಡಗರ. ಆದರೆ ಈಗ ಎಷ್ಟೋ ಮನೆಗಳಲ್ಲಿ ಹಬ್ಬ ಹತ್ತಿರ ಬಂದರೆ ಖರ್ಚಿನ ಚಿಂತೆ ಶುರುವಾಗುತ್ತದೆ. ಆದ್ದರಿಂದ ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ಒಂದು ನಿಜ ಹೇಳಿಬಿಡುತ್ತೇನೆ. ಕಳೆದ ವರ್ಷ ಹಬ್ಬದ ಸಂಜೆ ನಮ್ಮ ಮನೆ ಬಾಗಿಲು ಹಾಕಿತ್ತು. ಮಾರನೇ ದಿನ ನೀವೆಲ್ಲ ಕೇಳಿದಾಗ "ಮಾವನ ಊರಿಗೆ ಹೋಗಿದ್ವಿ" ಅಂದೆ. ಅದು ಸುಳ್ಳು. ನಾವು ಒಳಗೇ ಇದ್ದೆವು. ಅದರ ಹಿಂದಿನ ವರ್ಷ ಕೆಲವರು ಎಳ್ಳಿನ ಜೊತೆ ಸ್ಟೀಲ್ ಬಟ್ಟಲು, ಪ್ಲಾಸ್ಟಿಕ್ ಡಬ್ಬಿ ಇಟ್ಟು ಕೊಟ್ಟಿದ್ದರು. ಕಳೆದ ವರ್ಷ ನಮ್ಮ ಬೆಳೆ ಕೈಗೆ ಹತ್ತಲಿಲ್ಲ. ಅಷ್ಟು ಮನೆಗೆ ಬಟ್ಟಲು ತರೋಕೆ ದುಡ್ಡಿರಲಿಲ್ಲ. ಬರೀ ಎಳ್ಳು ಕೊಟ್ಟರೆ ಏನಂದುಕೊಳ್ಳುತ್ತಾರೋ ಅಂತ ಅಮ್ಮ ಬಾಗಿಲು ಹಾಕಿದಳು.

ಆಗ ಅಜ್ಜಿ ಅಂದರು: "ಅವರು ಪ್ರೀತಿಗೇ ಕೊಟ್ರು ಕಣವ್ವ. ಆದ್ರೆ ತಿರುಗಿ ಕೊಡಾಕೆ ಆಗದಂಗೆ ಕೊಟ್ರೆ ಅದು ಹೊರೆ ಆಯ್ತದೆ. ಎಳ್ಳು ಬೀರೋದು ಮದುವೆ ಮುಯ್ಯಿ ಅಲ್ಲ, ಬರೆದಿಟ್ಕೊಂಡು ತೀರ್ಸೋಕೆ."

ಈ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಉಡುಗೊರೆ ಕೊಡುವಾಗ ನಮ್ಮ ಜೇಬು ಮಾತ್ರ ನೋಡಿದರೆ ಸಾಲದು, ತೆಗೆದುಕೊಳ್ಳುವವರ ಜೇಬನ್ನೂ ನೋಡಬೇಕು. ಊರಿನಲ್ಲಿ ಎಲ್ಲರಿಗಿಂತ ಬಡವರೂ ತಿರುಗಿ ಕೊಡಬಹುದಾದಷ್ಟೇ ಕೊಟ್ಟರೆ ಯಾರ ಮನೆ ಬಾಗಿಲೂ ಹಾಕುವುದಿಲ್ಲ.

ಈಗ ಮಾಡುವ ವಿಧಾನ ನೋಡೋಣ. ಎಳ್ಳು 200 ಗ್ರಾಂ, ಕಡಲೆಕಾಯಿ ಬೀಜ 300 ಗ್ರಾಂ, ಹುರಿಗಡಲೆ 300 ಗ್ರಾಂ, ಬೆಲ್ಲ 300 ಗ್ರಾಂ, ಕೊಬ್ಬರಿ 100 ಗ್ರಾಂ. ಒಟ್ಟು 1,200 ಗ್ರಾಂ ಆಯಿತು. ಒಂದು ಮನೆಗೆ 50 ಗ್ರಾಂನಂತೆ 24 ಮನೆಗೆ ಆಗುತ್ತದೆ. ಕೊಬ್ಬರಿ ದುಬಾರಿ, ಅದಕ್ಕೇ ಅದನ್ನು ಕಡಿಮೆ ಮಾಡಿದ್ದೇವೆ. ಸಣ್ಣಗೆ ಹೆಚ್ಚಿದರೆ ಸ್ವಲ್ಪವೇ ಎಲ್ಲರ ಪಾಲಿಗೂ ಬರುತ್ತದೆ. ಮನೆಯಲ್ಲೇ ಕಡಲೆಕಾಯಿ ಬೆಳೆದಿದ್ದರೆ ಇನ್ನೂ ಉಳಿತಾಯ.

1. ಅಚ್ಚು ಬೆಲ್ಲವನ್ನು ಹಬ್ಬಕ್ಕೆ ಒಂದು ವಾರ ಮುಂಚೆ ಚೂರು ಮಾಡಿ ಬಿಸಿಲಿಗೆ ಒಣಗಿಸಿ. ಬೆಲ್ಲ ಗಾಳಿಯ ತೇವ ಹೀರುತ್ತದೆ. ಒಣಗದಿದ್ದರೆ ಎಲ್ಲಾ ಅಂಟಿಕೊಂಡು ಮುದ್ದೆಯಾಗುತ್ತದೆ.

2. ಕೊಬ್ಬರಿಯ ಹಿಂದಿನ ಕಪ್ಪು ಸಿಪ್ಪೆ ತುರಿದು ತೆಗೆದು, ಸಣ್ಣಗೆ ಹೆಚ್ಚಿ ಒಣಗಿಸಿ.

3. ಕಡಲೆಕಾಯಿ ಬೀಜ ಹುರಿದು, ಕೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ತೆಗೆದು ಬೇಳೆ ಮಾಡಿ.

4. ಬಿಳಿ ಎಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಮಾತ್ರ ಹುರಿಯಿರಿ. ಕಪ್ಪಗಾದರೆ ಕಹಿ.

5. ಎಲ್ಲಾ ಆರಿದ ಮೇಲೆ ಹುರಿಗಡಲೆ ಸೇರಿಸಿ ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಎಳ್ಳಿನ ತೂಕದಲ್ಲಿ ಸುಮಾರು ಅರ್ಧ ಎಣ್ಣೆಯೇ ಇರುತ್ತದೆ. ಆದ್ದರಿಂದ ಬಹಳ ದಿನ ಇಟ್ಟರೆ ಮುಗ್ಗಲು ವಾಸನೆ ಬರುತ್ತದೆ.

ಕೊಡುವುದಕ್ಕೆ ಬಟ್ಟಲು, ಡಬ್ಬಿ ಬೇಡ. ಮುತ್ತುಗದ ಎಲೆಯ ದೊನ್ನೆ ಹಚ್ಚಿದರೆ ಸಾಕು. ಎಲೆಗೆ ದುಡ್ಡಿಲ್ಲ. ಕಾಗದವಾದರೆ ಬಿಳಿ ಹಾಳೆ ಇರಲಿ. ನ್ಯೂಸ್ ಪೇಪರಿನ ಮಸಿ ತಿಂಡಿಗೆ ಹತ್ತುತ್ತದೆ, ಅದು ಆರೋಗ್ಯಕ್ಕೆ ಒಳ್ಳೆಯದಲ್ಲ. ಜೊತೆಗೆ ಒಂದು ತುಂಡು ಕಬ್ಬು ಇಡಿ. ಒಂದು ಜಲ್ಲೆಯನ್ನು ತುಂಡು ಮಾಡಿದರೆ ಎಷ್ಟೋ ಮನೆಗೆ ಆಗುತ್ತದೆ. ಎಲಚಿ ಹಣ್ಣು ಬೇಲಿಯಲ್ಲೇ ಸಿಗುತ್ತದೆ, ಮುಳ್ಳು ಚುಚ್ಚೀತು ಜೋಪಾನ!

ಬರೀ ಎಳ್ಳು ಕೊಟ್ಟರೆ ಚಿಕ್ಕವರಾಗುತ್ತೇವಾ? ಈ ಪ್ರಶ್ನೆಯನ್ನು ನಮ್ಮ ಕನ್ನಡ ಮೇಷ್ಟ್ರಿಗೆ ಕೇಳಿದೆ. ಅವರು ಧಾರವಾಡದ ಕಡೆಯವರು. ಅವರ ಊರಲ್ಲಿ ವಿಜಯದಶಮಿಯ ದಿನ ಬನ್ನಿ ಎಲೆಯನ್ನು ಬಂಗಾರ ಅಂತ ಒಬ್ಬರಿಗೊಬ್ಬರು ಕೊಡುತ್ತಾರಂತೆ. "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು" ಅನ್ನುತ್ತಾರಂತೆ. ಚಿಕ್ಕವರು ಎಲೆ ಕೊಟ್ಟು ದೊಡ್ಡವರ ಕಾಲಿಗೆ ನಮಸ್ಕಾರ ಮಾಡುತ್ತಾರೆ. ಸಾಹುಕಾರರು ಕೊಡುವುದೂ ಅದೇ ಎಲೆ, ಕೂಲಿಯವರು ಕೊಡುವುದೂ ಅದೇ ಎಲೆ. ಅದಕ್ಕೇ ಅಲ್ಲಿ ಕೊಡೋಕೆ ಯಾರಿಗೂ ನಾಚಿಕೆ ಇಲ್ಲ. ನಮ್ಮ ಎಳ್ಳೂ ಹಾಗೇ ಅಲ್ಲವೇ? ಎಲ್ಲರ ಮನೆಯದೂ ಅದೇ ಎಳ್ಳು, ಅದೇ ಬೆಲ್ಲ. ಬಟ್ಟಲು ಬಂದ ಮೇಲೆ ಮೇಲು ಕೀಳು ಬಂತು.

ಯಾರ ಮನೆಯಲ್ಲಾದರೂ ಈ ಐದೂ ಇಲ್ಲದಿದ್ದರೆ ನಾಲ್ಕು ಮನೆಯವರು ಸೇರಿ ಮಾಡಬಹುದು. ಒಬ್ಬರು ಕಡಲೆಕಾಯಿ ತರಲಿ, ಒಬ್ಬರು ಬೆಲ್ಲ ತರಲಿ. ಏನೂ ತರಲಾಗದವರು ಹುರಿಯೋಕೆ, ಹೆಚ್ಚೋಕೆ ಕೈಜೋಡಿಸಲಿ. ಅದೂ ಪಾಲೇ. ಆಮೇಲೆ ಎಲ್ಲರೂ ಸಮ ಹಂಚಿಕೊಂಡು ಬೀರೋಣ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ ಇದೆ. ಹಬ್ಬದಲ್ಲಿ ಪಕ್ಕದವರ ಹಾಸಿಗೆಯನ್ನೂ ಸ್ವಲ್ಪ ನೋಡೋಣ.

ಈ ಸಲ ನಮ್ಮ ಮನೆ ಬಾಗಿಲು ತೆರೆದಿರುತ್ತದೆ. ಅಮ್ಮ ಬೆಲ್ಲ ಒಣ ಹಾಕಿದ್ದಾಳೆ, ಅಜ್ಜಿ ಕಾಗೆ ಕಾಯುತ್ತಾ ಕೂತಿದ್ದಾರೆ. ಎಲ್ಲರೂ ಬನ್ನಿ. ತಟ್ಟೆ ಖಾಲಿ ಇದ್ದರೂ ಬನ್ನಿ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡೋಣ.