ಸಿಬಿಐಗೆ ಲೆಕ್ಕ ಕೇಳುವವರು ಯಾರು?

ಪ್ರಶ್ನೆ: ಸಿಬಿಐ, ಎನ್‌ಐಎಗಳ ಮೇಲೆ ಸಂಸತ್ತು ಹೇಗೆ ನಿಗಾ ಇಡುತ್ತದೆ? ಗುಬ್ಬಿ, ಕುಣಿಗಲ್ ಮತದಾರರ ದನಿ ಅಲ್ಲಿಗೆ ತಲುಪುತ್ತದೆಯೇ?
– ಓದುಗರು, ತುಮಕೂರು

ಉತ್ತರ: ಸಂಸತ್ತು ಈ ತನಿಖಾ ಸಂಸ್ಥೆಗಳಿಗೆ ನೇರವಾಗಿ ಆದೇಶ ನೀಡುವುದಿಲ್ಲ, ಸಿಬಿಐ ಸಿಬ್ಬಂದಿ ಸಚಿವಾಲಯದ ಅಡಿಯಲ್ಲಿಯೂ, 2008ರ ಕಾಯ್ದೆಯಿಂದ ರೂಪುಗೊಂಡ ಎನ್‌ಐಎ ಗೃಹ ಸಚಿವಾಲಯದ ಅಡಿಯಲ್ಲಿಯೂ ಇರುವುದರಿಂದ, ಪ್ರಶ್ನೋತ್ತರ ಅವಧಿಯಲ್ಲಿ ಆಯಾ ಸಚಿವರೇ ಉತ್ತರಿಸಬೇಕಾಗುತ್ತದೆ. ಹೆಚ್ಚು ಆಳದ ಪರಿಶೀಲನೆ ನಡೆಯುವುದು ಸ್ಥಾಯಿ ಸಮಿತಿಗಳಲ್ಲಿ, ಅಂದರೆ ಲೋಕಸಭೆಯ 21 ಮತ್ತು ರಾಜ್ಯಸಭೆಯ 10 ಸದಸ್ಯರು ಕುಳಿತು ಸಚಿವಾಲಯದ ಅನುದಾನ ಬೇಡಿಕೆ, ಖಾಲಿ ಹುದ್ದೆ, ಬಾಕಿ ಪ್ರಕರಣಗಳ ಬಗ್ಗೆ ಅಧಿಕಾರಿಗಳನ್ನು ವಿಚಾರಿಸುವ ಸಭೆಗಳಲ್ಲಿ. ಹಾಲು ಉತ್ಪಾದಕರ ಸಂಘದ ಸದಸ್ಯರು ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಕೇಳಿದರೂ ದಿನವೂ ಹಾಲು ಅಳೆಯಲು ನಿಲ್ಲದಿರುವಂತೆ, ಸಮಿತಿಯೂ ದೈನಂದಿನ ಆಡಳಿತಕ್ಕೆ ಕೈಹಾಕುವಂತಿಲ್ಲ.

ಗುಬ್ಬಿ ತುಮಕೂರು ಲೋಕಸಭಾ ಕ್ಷೇತ್ರಕ್ಕೂ, ಇದೇ ಜಿಲ್ಲೆಯ ಕುಣಿಗಲ್ ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೂ ಸೇರಿರುವುದರಿಂದ ಎರಡು ತಾಲ್ಲೂಕುಗಳ ಮತದಾರರು ಬೇರೆ ಬೇರೆ ಸಂಸದರನ್ನು ಕೇಳಬೇಕು. ಸಂಸದರು ಸಚಿವರಾದರೆ ಸ್ಥಾಯಿ ಸಮಿತಿಯ ಸದಸ್ಯರಾಗುವಂತಿಲ್ಲ. 2024ರಲ್ಲಿ ಕೇಂದ್ರದ ರಾಜ್ಯ ಸಚಿವರಾದ ವಿ. ಸೋಮಣ್ಣನವರನ್ನು ಆರಿಸಿದ ತುಮಕೂರು ಕ್ಷೇತ್ರದ ಸ್ಥಿತಿ ಇದೇ.

ಈ ವ್ಯವಸ್ಥೆಯ ನಿಜವಾದ ಕೊರತೆ ಬೇರೆಡೆ ಇದೆ. 1963ರ ಸರ್ಕಾರಿ ನಿರ್ಣಯದಿಂದ ಸ್ಥಾಪನೆಯಾದ ಸಿಬಿಐ ತನ್ನ ಅಧಿಕಾರವನ್ನು ಇಂದಿಗೂ 1946ರ ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯ್ದೆಯಿಂದಲೇ ಪಡೆಯುತ್ತಿದ್ದು, ಪ್ರತ್ಯೇಕ ಕಾಯ್ದೆ ಬೇಕೆಂದು ಸ್ಥಾಯಿ ಸಮಿತಿಯೇ ಶಿಫಾರಸು ಮಾಡಿದರೂ ಸಂಸತ್ತು ಅದನ್ನು ರೂಪಿಸಿಲ್ಲ. ಆ ಹಳೆಯ ಕಾಯ್ದೆಯ ಪ್ರಕಾರ ರಾಜ್ಯದೊಳಗೆ ತನಿಖೆ ನಡೆಸಲು ರಾಜ್ಯ ಸರ್ಕಾರದ ಸಮ್ಮತಿ ಅಗತ್ಯವಾಗಿದ್ದು, ಕರ್ನಾಟಕವು 2024ರ ಸೆಪ್ಟೆಂಬರ್‌ನಲ್ಲಿ ತನ್ನ ಸಾಮಾನ್ಯ ಸಮ್ಮತಿಯನ್ನು ಹಿಂಪಡೆಯಿತು; ನ್ಯಾಯಾಲಯ ಆದೇಶಿಸಿದ ತನಿಖೆಗೆ ಮಾತ್ರ ಈ ಸಮ್ಮತಿ ಬೇಕಿಲ್ಲ.