ಬಟ್ಟಲು ಖಾಲಿ, ತಿಂದವರು ಯಾರು?

ಎರಡು ಬೆಕ್ಕು, ಒಂದು ನಾಯಿ ಇರುವ ಮನೆ. ಬೆಳಿಗ್ಗೆ ತುಂಬಿಸಿಟ್ಟ ಬಟ್ಟಲು ಸಂಜೆಗೆ ಖಾಲಿ. ಎಲ್ಲರ ಹೊಟ್ಟೆಯೂ ತುಂಬಿತು ಎಂದು ಮನೆಯವರಿಗೆ ಸಮಾಧಾನ. ಒಂದು ಬೆಕ್ಕು ದುಂಡಗಾಗಿ, ಇನ್ನೊಂದರ ಬೆನ್ನುಮೂಳೆ ಕೈಗೆ ಚುಚ್ಚುವಂತಾದ ಮೇಲೆಯೇ ಲೆಕ್ಕ ತಪ್ಪಿದ್ದು ತಿಳಿಯುವುದು.

ಬಳ್ಳಾರಿಯ ಕೌಲ್ ಬಜಾರಿನಂಥ ಕಡೆ ಈ ಲೆಕ್ಕ ಇನ್ನಷ್ಟು ಗೋಜಲು. ಗೋಡೆಗೆ ಗೋಡೆ ತಾಗಿದ ಮನೆಗಳು, ಒಳಗೆ ಜೀನ್ಸ್ ಹೊಲಿಯುವ ಯಂತ್ರಗಳ ಸದ್ದು, ಆಚೆ ಮಾಂಸದಂಗಡಿ. ಬೆಕ್ಕಿಗೆ ಮಾಳಿಗೆಯಿಂದ ಮಾಳಿಗೆಗೆ ದಾರಿ ಇದ್ದೇ ಇದೆ. ಒಂದು ಮನೆಯಲ್ಲಿ ಹಾಲು, ಇನ್ನೊಂದರಲ್ಲಿ ಮೊಸರನ್ನ, ಅಂಗಡಿಯ ಮುಂದೆ ಕೋಳಿಚರ್ಮ ಮುಗಿಸಿ, ಕೊನೆಗೆ ಸಾಕಿದವರ ಮನೆಗೆ ಬಂದು ಮೂರು ದಿನ ಉಪವಾಸ ಇದ್ದಂತೆ ಕೂಗುತ್ತದೆ.

ಇದನ್ನು ದುರಾಸೆ ಎನ್ನುವುದು ಸರಿಯಲ್ಲ. ಸಾಕುಬೆಕ್ಕಿನ ಪೂರ್ವಜ ಉತ್ತರ ಆಫ್ರಿಕಾ, ಪಶ್ಚಿಮ ಏಷ್ಯಾದ ಒಣನೆಲದ ಕಾಡುಬೆಕ್ಕು. ಒಂಟಿಯಾಗಿ ಬೇಟೆಯಾಡಿ ಒಂಟಿಯಾಗಿ ತಿನ್ನುವ ಪ್ರಾಣಿ. ಒಂದು ಚಿಕ್ಕ ಇಲಿಯಲ್ಲಿ ಸಿಗುವುದು ಸುಮಾರು 30 ಕಿಲೊಕ್ಯಾಲರಿ. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ ಬೇಕಾದ್ದು ಸುಮಾರು 200 ಕಿಲೊಕ್ಯಾಲರಿ, ಅಂದರೆ ಏಳೆಂಟು ಇಲಿ. ಹೀಗೆ ಸ್ವಲ್ಪಸ್ವಲ್ಪವಾಗಿ ಹಲವು ಸಲ ತಿನ್ನುವುದೇ ಅದರ ಹುಟ್ಟುಗುಣ. ನಾಯಿಯದು ಹಿಂಡಿನಲ್ಲಿ ತಿನ್ನುವ ವಂಶ. ಸಿಕ್ಕಿದ್ದನ್ನು ಬೇಗ ನುಂಗಿ ಪಕ್ಕದ ತಟ್ಟೆಗೂ ಬಾಯಿ ಹಾಕುತ್ತದೆ. ಬೆಕ್ಕುಗಳಲ್ಲಿ ಬಟ್ಟಲಿನ ಜಗಳ ಕಣ್ಣಿಗೆ ಬೀಳುವುದು ಕಡಿಮೆ. ಗಟ್ಟಿಗ ಬೆಕ್ಕು ಅಡುಗೆಮನೆ ಬಾಗಿಲಲ್ಲಿ ಸುಮ್ಮನೆ ಕೂತರೆ ಸಾಕು, ಅಂಜುಬುರುಕ ಬೆಕ್ಕು ಅಲ್ಲಿಂದಲೇ ವಾಪಸು ಹೋಗುತ್ತದೆ. ಎರಡೂ ಎಷ್ಟು ಹೊಂದಿಕೊಂಡಿವೆ ಎಂದು ನಾವು ಮೆಚ್ಚುತ್ತಿರುತ್ತೇವೆ!

ಇನ್ನು ಹಾಲು. ಬಳ್ಳಾರಿಗೆ ಹತ್ತಿರದ ಹಂಪಿಯ ಕೃಷ್ಣದೇವರಾಯ ಮನೆಮನೆಗೂ ಬೆಕ್ಕು ಹಂಚಿ, ಹಾಲಿಗೆಂದು ಹಸುವನ್ನೂ ಕೊಟ್ಟ ಕಥೆ ಎಲ್ಲರಿಗೂ ಗೊತ್ತು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡು ಹಾಲು ಕಂಡರೆ ಓಡುತ್ತಿದ್ದ ತೆನಾಲಿ ರಾಮಕೃಷ್ಣನ ಬೆಕ್ಕು ಕಥೆಯಲ್ಲಿ ನಗೆಪಾಟಲಾಯಿತು. ಪಶುವೈದ್ಯರನ್ನು ಕೇಳಿದರೆ ಹಾಲಿನಿಂದ ದೂರ ಉಳಿದ ಆ ಬೆಕ್ಕಿನ ಪಕ್ಷವನ್ನೇ ವಹಿಸಿಯಾರು. ಮರಿತನ ದಾಟಿದ ಬಹಳಷ್ಟು ಬೆಕ್ಕುಗಳಿಗೆ ಹಾಲಿನ ಲ್ಯಾಕ್ಟೋಸ್ ಅರಗುವುದಿಲ್ಲ, ಭೇದಿಯಾಗುತ್ತದೆ. ಅರಗಿದರೂ ತೊಂದರೆಯೇ. 200 ಮಿಲಿ ಟೋನ್ಡ್ ಹಾಲಿನಲ್ಲಿ ಸುಮಾರು 120 ಕಿಲೊಕ್ಯಾಲರಿ ಇರುತ್ತದೆ. ಎರಡು ಮನೆಯವರು ಪ್ರೀತಿಯಿಂದ ಒಂದೊಂದು ಬಟ್ಟಲು ಸುರಿದರೆ ದಿನದ ಪಾಲಿನ ಅರ್ಧಕ್ಕಿಂತ ಹೆಚ್ಚು ಅಲ್ಲೇ ಮುಗಿಯಿತು. ಸಂತಾನಹರಣ ಮಾಡಿಸಿದ ಬೆಕ್ಕಿಗೆ ಶಕ್ತಿಯ ಅಗತ್ಯ ಸುಮಾರು ಕಾಲುಭಾಗ ತಗ್ಗುತ್ತದೆ, ಹಸಿವು ಮಾತ್ರ ಏರುತ್ತದೆ. ನಾಲ್ಕು ಕಿಲೋ ಬೆಕ್ಕು ಐದು ಕಿಲೋ ಆಯಿತೆಂದರೆ, 60 ಕಿಲೋ ಮನುಷ್ಯ 75 ಕಿಲೋ ಆದ ಹಾಗೆ.

ನಾಯಿಯ ಆಹಾರವನ್ನೇ ಬೆಕ್ಕಿಗೂ ಹಾಕಿ ಸಾಗಹಾಕುವವರಿದ್ದಾರೆ. ಇದು ತೂಕಕ್ಕಿಂತ ದೊಡ್ಡ ಅಪಾಯ. ಟಾರಿನ್ ಎಂಬ ಅಮೈನೋ ಆಮ್ಲವನ್ನು ನಾಯಿಯ ದೇಹ ಸಾಮಾನ್ಯವಾಗಿ ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿಗೆ ಸಾಕಷ್ಟು ತಯಾರಿಸಲು ಆಗದು, ಮಾಂಸದಿಂದಲೇ ಸಿಗಬೇಕು. ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣಿನ ರೆಟಿನಾ ಹಾಳಾಗುವುದು 1975ರಲ್ಲಿ, ಹೃದಯದ ಸ್ನಾಯು ಸೋಲುವುದು 1987ರಲ್ಲಿ ಖಚಿತವಾಯಿತು. ಇನ್ನು ಬಿರಿಯಾನಿಯ ಮಿಕ್ಕ ತುಂಡುಗಳು: ಅವುಗಳಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮಸಾಲೆ ಹಾಕುವ ಮೊದಲೇ ಒಂದೆರಡು ಬೇಯಿಸಿದ ತುಂಡು ತೆಗೆದಿಟ್ಟರಾಯಿತು, ಎಲುಬು ಬೇಡ.

ದಿನವಿಡೀ ತುಂಬಿದ ಬಟ್ಟಲು ಇಡುವ ಅಭ್ಯಾಸ ಮೊದಲು ಹೋಗಬೇಕು. ಒಣ ಆಹಾರ ನೂರು ಗ್ರಾಮಿಗೆ 350ರಿಂದ 400 ಕಿಲೊಕ್ಯಾಲರಿ ಕೊಡುತ್ತದೆ. ನಾಲ್ಕು ಕಿಲೋ ಬೆಕ್ಕಿಗೆ ದಿನಕ್ಕೆ 50–60 ಗ್ರಾಂ ಸಾಕು. ಅದನ್ನು ತೂಗಿಯೇ ತೆಗೆದಿಡಿ. ಕಣ್ಣಳತೆಯಲ್ಲಿ ನಮ್ಮ ಕೈ ಯಾವತ್ತೂ ಧಾರಾಳ. ಅದನ್ನು ನಾಲ್ಕೈದು ಪಾಲು ಮಾಡಿ, ಒಂದೊಂದು ಬೆಕ್ಕಿಗೆ ಒಂದೊಂದು ಕೋಣೆಯಲ್ಲಿ ಹಾಕಿ, ಇಪ್ಪತ್ತು ನಿಮಿಷಕ್ಕೆ ಬಟ್ಟಲು ಎತ್ತಿಬಿಡಿ. ಕೋಣೆ ಒಂದೇ ಇದ್ದರೆ ಒಂದಕ್ಕೆ ನೆಲ, ಇನ್ನೊಂದಕ್ಕೆ ಕಪಾಟಿನ ತಲೆ. ನಾಯಿಗೆ ಅಲ್ಲಿ ಎಟಕುವುದಿಲ್ಲ. ಸಣಕಲು ಬೆಕ್ಕಷ್ಟೇ ನುಗ್ಗುವಷ್ಟು ಕಿಂಡಿ ಕೊರೆದ ರಟ್ಟಿನ ಪೆಟ್ಟಿಗೆಯೂ ನಡೆಯುತ್ತದೆ. ಚರ್ಮದಡಿಯ ಮೈಕ್ರೋಚಿಪ್ ಗುರುತಿಸಿ ಆಯಾ ಬೆಕ್ಕಿಗೆ ಮಾತ್ರ ಮುಚ್ಚಳ ತೆರೆಯುವ ಯಂತ್ರವೂ ಇದೆ, ದುಬಾರಿ. ಬಳ್ಳಾರಿಯ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಹಸಿ ಮಾಂಸ, ಮೀನು ಹೊರಗಿಟ್ಟರೆ ಬೇಗ ಕೆಡುತ್ತದೆ, ಬಟ್ಟಲು ಎತ್ತಲು ಇದೂ ಒಂದು ಕಾರಣ. ನೀರನ್ನು ಮಾತ್ರ ಎರಡು ಮೂರು ಕಡೆ ಸದಾ ಇಡಿ.

ತೂಕ ನೋಡಲು ಬೆಕ್ಕನ್ನು ಚೀಲದಲ್ಲಿ ಕೂರಿಸಿ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ಇಡಬಹುದು, ಅಂಗಡಿಯವನು ಒಪ್ಪಿದರೆ. ಬೆರಳಾಡಿಸಿದಾಗ ಪಕ್ಕೆಲುಬು ಸುಲಭವಾಗಿ ತಾಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಇಳಿಸುವುದಾದರೆ ವಾರಕ್ಕೆ ಶೇ. 1ರಷ್ಟು, ಆರು ಕಿಲೋ ಬೆಕ್ಕು ವಾರಕ್ಕೆ 60 ಗ್ರಾಂ ಇಳಿದರೆ ಒಂದು ಕಿಲೋ ಕರಗಲು ನಾಲ್ಕು ತಿಂಗಳಾಗುತ್ತದೆ. ಉಪವಾಸ ಕೆಡವಲೇಬಾರದು. ದಪ್ಪ ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಮೈಕೊಬ್ಬು ಯಕೃತ್ತಿಗೆ ನುಗ್ಗಿ, ಪ್ರಾಣಕ್ಕೇ ಕುತ್ತಾಗಬಹುದು. ಎಲ್ಲಕ್ಕೂ ಒಂದೇ ಬಟ್ಟಲು ಇದ್ದಾಗ ಅದು ತಿನ್ನುವುದನ್ನು ಬಿಟ್ಟಿದ್ದೇ ಗೊತ್ತಾಗುವುದಿಲ್ಲ, ಅದರ ಪಾಲನ್ನು ಇನ್ನೊಂದು ಮುಗಿಸಿರುತ್ತದೆ. ಚೆನ್ನಾಗಿ ತಿನ್ನುತ್ತಲೇ ಸೊರಗುವ ಮುದಿ ಬೆಕ್ಕಿಗೆ ಸಕ್ಕರೆ ಕಾಯಿಲೆಯೋ ಥೈರಾಯ್ಡ್ ತೊಂದರೆಯೋ ಇರಬಹುದು, ಅದನ್ನು ಪಶುವೈದ್ಯರಿಗೆ ತೋರಿಸಬೇಕು.